ಚೀಲದ ಹುಳು: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಪ್ರಭೇದ ಗುರುತಿಸುವ ಕ್ರಮ

ಚೀಲದ ಹುಳು ಎಂಬುದು ಲೆಪಿಡಾಪ್ಟೆರಾ ಗಣದ ಸೈಕಿಡೇ ಕುಟುಂಬಕ್ಕೆ ಸೇರಿದ ಪತಂಗಗಳ ಮರಿಹುಳು. ತನ್ನ ಬಾಯಿಂದ ಹೊರಡುವ ರೇಷ್ಮೆ ನೂಲಿಗೆ ಕಡ್ಡಿ, ಎಲೆಚೂರು, ತೊಗಟೆ, ಕಲ್ಲುಹೂವು ಮೊದಲಾದವನ್ನು ಅಂಟಿಸಿ ಅದು ಚೀಲ ಹೆಣೆಯುತ್ತದೆ. ಮೊಟ್ಟೆಯಿಂದ ಹೊರಬಂದ ದಿನ ಕಟ್ಟಲು ತೊಡಗಿದ ಚೀಲವನ್ನು ಬೆಳೆದಂತೆಲ್ಲ ದೊಡ್ಡದು ಮಾಡುತ್ತ, ಹೋದಲ್ಲೆಲ್ಲ ಹೊತ್ತು ತಿರುಗಿ, ಕೊನೆಗೆ ಅದರೊಳಗೇ ಕೋಶವಾಗುತ್ತದೆ. ಗಂಡು ರೆಕ್ಕೆ ಬಂದು ಹಾರಿಹೋಗುತ್ತದೆ. ಹೆಚ್ಚಿನ ಪ್ರಭೇದಗಳಲ್ಲಿ ಹೆಣ್ಣಿಗೆ ರೆಕ್ಕೆಯಿಲ್ಲ. ದೊಡ್ಡ ಚೀಲ ಕಟ್ಟುವ ಪ್ರಭೇದಗಳಲ್ಲಂತೂ ಅದು ಚೀಲದೊಳಗೇ ಕೂಡಿ, ಅಲ್ಲೇ ಮೊಟ್ಟೆಯಿಟ್ಟು ಸಾಯುತ್ತದೆ. ಒಂದು ಪ್ರಭೇದದ ಗುರುತು ಹೀಗೆ ಎರಡು ಕಡೆ ಹಂಚಿಹೋಗಿರುತ್ತದೆ: ಹಾರುವ ಗಂಡಿನ ಮೈಯಲ್ಲಿ ಒಂದು ಭಾಗ, ಕೊಂಬೆಗೆ ಜೋತ ಚೀಲದಲ್ಲಿ ಇನ್ನೊಂದು ಭಾಗ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ಪತಂಗಗಳನ್ನು ಗುರುತಿಸಲು ಬೇಕಾದ ಲಕ್ಷಣಗಳನ್ನು ಈ ಲೇಖನ ವಿವರಿಸುತ್ತದೆ.

ಹೆಸರು ಮತ್ತು ಪರಿಭಾಷೆ

ಈ ಲೇಖನದಲ್ಲಿ ‘ಚೀಲ’ ಎಂದರೆ ಮರಿಹುಳು ಕಟ್ಟಿದ ಹೊದಿಕೆ; ‘ಕೋಶ’ ಎಂದರೆ ಚೀಲದೊಳಗೆ ಮರಿಹುಳು ಪತಂಗವಾಗಿ ಮಾರ್ಪಡುವ ಅವಸ್ಥೆಯ ದೇಹ; ‘ಪೊರೆ’ ಎಂದರೆ ಪತಂಗ ಹೊರಬಿದ್ದ ಮೇಲೆ ಉಳಿಯುವ ಕೋಶದ ಖಾಲಿ ಸಿಪ್ಪೆ. ರೂಢಿಯ ಮಾತಿನಲ್ಲಿ ಚೀಲವನ್ನೂ ಕೋಶವನ್ನೂ ‘ಗೂಡು’ ಎಂಬ ಒಂದೇ ಪದದಿಂದ ಕರೆಯುವುದುಂಟು. ಪ್ರಭೇದ ಗುರುತಿಸುವಾಗ ಈ ಎರಡನ್ನೂ ಬೇರೆಬೇರೆ ಹೆಸರಿನಿಂದಲೇ ಕರೆಯಬೇಕು, ಏಕೆಂದರೆ ಚೀಲ ಹುಳು ಮಾಡಿದ ವಸ್ತು, ಕೋಶ ಹುಳುವಿನದೇ ದೇಹ.

ಚೀಲಕ್ಕೆ ಸೌದೆಯ ಹೊರೆಯ ಹೋಲಿಕೆ ಹಲವು ನಾಡುಗಳಲ್ಲಿ ಕೊಟ್ಟದ್ದೇ. ಸಿಂಹಳದಲ್ಲಿ ಇದಕ್ಕೆ ಸೌದೆಕಟ್ಟು ಎಂಬ ಅರ್ಥದ ಹೆಸರಿದೆ. ಹಿಂದಿನ ಜನ್ಮದಲ್ಲಿ ಸೌದೆ ಕದ್ದವರು ಈ ಹುಳುವಾಗಿ ಹುಟ್ಟಿ ಕಡ್ಡಿ ಹೊರುತ್ತಾರೆಂಬ ಅಲ್ಲಿನ ನಂಬಿಕೆಯನ್ನು 19ನೆಯ ಶತಮಾನದ ಮಧ್ಯದಲ್ಲಿ ಜೇಮ್ಸ್ ಎಮರ್ಸನ್ ಟೆನೆಂಟ್ ದಾಖಲಿಸಿದ್ದಾನೆ. ಜಪಾನಿನಲ್ಲಿ ಇದರ ಹೆಸರು ‘ಮಿನೊಮುಶಿ’. ‘ಮಿನೊ’ ಎಂದರೆ ರೈತರು ಮಳೆಗೆ ಹೊದೆಯುತ್ತಿದ್ದ ಹುಲ್ಲಿನ ಹೊದಿಕೆ, ‘ಮುಶಿ’ ಎಂದರೆ ಹುಳು. ನಾಟಿಯ ಹೊತ್ತಿಗೆ ಬೆನ್ನಿಗೆ ಗೊರಬು ಹೊದ್ದು ಬಗ್ಗಿದವರನ್ನು ಕಂಡ ಮಲೆನಾಡಿನವರಿಗೆ ಆ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ವರ್ಗೀಕರಣ ಮತ್ತು ಅಧ್ಯಯನದ ಇತಿಹಾಸ

ಸೈಕಿಡೇ ಕುಟುಂಬವನ್ನು 1829ರಲ್ಲಿ ಫ್ರಾನ್ಸಿನ ಬ್ವಾಡುವಾಲ್ ಸ್ಥಾಪಿಸಿದ. ಬಟ್ಟೆ ತಿನ್ನುವ ನುಸಿಪತಂಗಗಳ ಟಿನೈಡೇ ಕುಟುಂಬ ಇದರ ಹತ್ತಿರದ ನಂಟು. ಎರಡೂ ಒಂದೇ ಮೇಲ್ಕುಟುಂಬದಲ್ಲಿವೆ. 2011ರಲ್ಲಿ ಥಾಮಸ್ ಸೋಬ್‌ಚಿಕ್ ಪ್ರಕಟಿಸಿದ ಜಾಗತಿಕ ಪಟ್ಟಿಯಂತೆ ಈ ಕುಟುಂಬದಲ್ಲಿ ಸುಮಾರು 240 ಕುಲಗಳೂ ಸುಮಾರು 1,350 ಪ್ರಭೇದಗಳೂ ಇವೆ.

ಭಾರತ ಮತ್ತು ಶ್ರೀಲಂಕಾದ ಪ್ರಭೇದಗಳಲ್ಲಿ ಹೆಚ್ಚಿನವಕ್ಕೆ ಹೆಸರಿಟ್ಟವರು 19ನೆಯ ಶತಮಾನದ ಬ್ರಿಟಿಷ್ ಕೀಟತಜ್ಞರು: ವೆಸ್ಟ್‌ವುಡ್, ವಾಕರ್, ಫ್ರೆಡರಿಕ್ ಮೂರ್, ಜಾರ್ಜ್ ಹ್ಯಾಂಪ್ಸನ್. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಗ್ರಂಥಮಾಲೆಯಲ್ಲಿ 1892ರಲ್ಲಿ ಹೊರಬಂದ ಪತಂಗಗಳ ಮೊದಲ ಸಂಪುಟದಲ್ಲಿ ಹ್ಯಾಂಪ್ಸನ್ ಈ ಕುಟುಂಬವನ್ನು ರೆಕ್ಕೆಯ ಸಿರೆಗಳ ಜೋಡಣೆ, ಕುಡಿಮೀಸೆ ಮತ್ತು ಕಾಲಿನ ಮುಳ್ಳುಗಳ ಆಧಾರದ ಮೇಲೆ ವಿಂಗಡಿಸಿದ. ಈಗಲೂ ಭಾರತದ ಪ್ರಭೇದ ಗುರುತಿಸುವವರು ಮೊದಲು ತೆರೆಯುವುದು ಆ ಸಂಪುಟವನ್ನೇ. ಆದರೆ ಅದರ ಹಲವು ಕುಲನಾಮಗಳು ಬದಲಾಗಿವೆ. ಹಳೆಯ ಕೃಷಿ ಪುಸ್ತಕಗಳಲ್ಲಿ ‘ಕ್ಲಾನಿಯಾ ಕ್ರಾಮೆರಿ’, ‘ಕ್ರಿಪ್ಟೋಥೀಲಿಯಾ ಕ್ರಾಮೆರಿ’ ಎಂದು ಕಾಣುವುದೂ ಇಂದಿನ ‘ಯುಮೆಟಾ ಕ್ರಾಮೆರಿ’ಯೂ ಒಂದೇ ಪತಂಗ. ಹೆಸರು ಮೂರಿದ್ದ ಮಾತ್ರಕ್ಕೆ ಮೂರು ಪ್ರಭೇದವೆಂದು ಬರೆದುಕೊಳ್ಳುವ ತಪ್ಪು ಪಟ್ಟಿಗಳಲ್ಲಿ ಸುಲಭವಾಗಿ ನುಸುಳುತ್ತದೆ.

ನೆಲೆ

ಮೂರೂ ತಾಲ್ಲೂಕುಗಳು ಪಶ್ಚಿಮಘಟ್ಟದ ನೆತ್ತಿಯಿಂದ ಪೂರ್ವದ ಬಯಲಿನ ಕಡೆಗೆ ಇಳಿಯುವ ನೆಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಹೊಸನಗರ ತಾಲ್ಲೂಕಿನ ಕೊಡಚಾದ್ರಿ 1,343 ಮೀಟರ್ ಎತ್ತರದ್ದು. ಪೂರ್ವಕ್ಕೆ ಆನಂದಪುರ, ರಿಪ್ಪನ್‌ಪೇಟೆಯ ಕಡೆ ಸರಿದಂತೆ ಮಳೆ ಇಳಿದು, ನಿತ್ಯಹಸಿರು ಕಾಡು ಎಲೆಯುದುರುವ ಕಾಡಾಗಿ ಬದಲಾಗುತ್ತದೆ. ಚೀಲದ ಹುಳುವಿಗೆ ಬೇಕಾದ ಬಗೆಬಗೆಯ ನೆಲೆಗಳು ಇಲ್ಲಿ ಹತ್ತಿರಹತ್ತಿರದಲ್ಲೇ ಇವೆ: ಕಣಿವೆಯ ಅಡಿಕೆ ತೋಟ, ತೋಟದ ಮೇಲಿನ ಸೊಪ್ಪಿನ ಬೆಟ್ಟ, ಹುಲ್ಲಿನ ಬ್ಯಾಣ, ಹಳೆಯ ಕಾನು, ಅಕೇಶಿಯಾ ಮತ್ತು ಸರ್ವೆಯ ನೆಡುತೋಪು, ಮನೆಯಂಗಳದ ಸೀಬೆ, ಮಾವು, ಗುಲಾಬಿ.

ಹೆಚ್ಚಿನ ಪ್ರಭೇದಗಳು ಒಂದೇ ಗಿಡಕ್ಕೆ ಕಟ್ಟುಬಿದ್ದವಲ್ಲ, ಸಿಕ್ಕ ಹತ್ತಾರು ಜಾತಿಯ ಎಲೆ ತಿನ್ನುತ್ತವೆ. ಆದ್ದರಿಂದ ಯಾವ ಗಿಡದಲ್ಲಿ ಸಿಕ್ಕಿತು ಎಂಬುದು ಪ್ರಭೇದಕ್ಕೆ ಸುಳಿವಾದೀತೇ ಹೊರತು ಪುರಾವೆಯಾಗದು. ಗಿಡದ ಪ್ರಭಾವ ಬೇರೊಂದು ಕಡೆ ಕಾಣುತ್ತದೆ. ಅಕೇಶಿಯಾದ ಮೇಲಿನ ಚೀಲಕ್ಕೆ ಅದರದೇ ಉದ್ದನೆಯ ಒಣ ಎಲೆಯ ತುಂಡು ಬರುತ್ತದೆ, ಸರ್ವೆಯ ಮೇಲಿನದಕ್ಕೆ ಸೂಜಿಯಂಥ ಕಡ್ಡಿ. ಒಂದೇ ಪ್ರಭೇದ ಎರಡು ಮರಗಳ ಮೇಲೆ ಎರಡು ಪ್ರಭೇದದಂತೆ ತೋರುವುದು ಹೀಗೆ.

ಚೀಲದ ರಚನೆ

ಚೀಲಕ್ಕೆ ಒಳಗೊಂದು ಹೊರಗೊಂದು ಎರಡು ಪದರ. ಒಳಗಿನದು ಬರೀ ರೇಷ್ಮೆ. ಬಿಳಿ ಇಲ್ಲವೇ ಬೂದು ಬಣ್ಣದ, ಕಾಗದದಷ್ಟು ಒತ್ತಾಗಿ ನೆಯ್ದ ಪದರ. ದೊಡ್ಡ ಪ್ರಭೇದಗಳಲ್ಲಿ ಇದನ್ನು ಬೆರಳಿನಿಂದ ಹರಿಯಲು ಹೋದರೆ ಚರ್ಮದ ಹಾಗೆ ಬಗ್ಗುತ್ತದೆ, ಹರಿಯುವುದಿಲ್ಲ. ಸೀಳಲು ಚೂಪಾದ ಕತ್ತರಿ ಬೇಕು. ಹೊರಗಿನದು ಅಂಟಿಸಿದ ವಸ್ತುಗಳ ಪದರ. ಹುಳು ಕಡ್ಡಿಯನ್ನು ದವಡೆಯಿಂದ ಕತ್ತರಿಸಿ, ಮುಂಗಾಲುಗಳಲ್ಲಿ ಹಿಡಿದು, ಚೀಲದ ಬಾಯಂಚಿಗೆ ತಂದು ನೂಲಿನಿಂದ ಬಿಗಿಯುತ್ತದೆ. ಚೀಲ ಬೆಳೆಯುವುದು ಯಾವಾಗಲೂ ಬಾಯಿಯ ಕಡೆಯಿಂದ. ಹೀಗಾಗಿ ಬಾಲದ ತುದಿಯ ಚೂರುಗಳು ಹುಳುವಿನ ಎಳೆತನದವು, ಬಾಯಿಯ ಬಳಿಯವು ಇತ್ತೀಚಿನವು. ಹಾಗಾಗಿ ಒಂದೇ ಚೀಲದಲ್ಲಿ ಬಾಲದ ಕಡೆ ಸಣ್ಣ ಚೂರು, ಬಾಯಿಯ ಕಡೆ ದೊಡ್ಡ ತುಂಡು ಕಾಣುವುದು ಸಾಮಾನ್ಯ.

ಚೀಲಕ್ಕೆ ಎರಡು ತೆರಪು. ಮುಂದಿನದು ಅಗಲ ಮತ್ತು ಮೆದು. ತಲೆಯನ್ನೂ ಎದೆಯ ಮೂರು ಜೊತೆ ಕಾಲುಗಳನ್ನೂ ಅದರಿಂದ ಹೊರಚಾಚಿ ಹುಳು ನಡೆಯುತ್ತದೆ, ಮೇಯುತ್ತದೆ. ಹಿಂದಿನದು ಚಿಕ್ಕದು, ಹಿಕ್ಕೆ ಹೊರಬೀಳುವುದು ಅಲ್ಲಿಂದ, ಮುಂದೆ ಗಂಡು ಪತಂಗ ಹೊರಬರುವುದೂ ಅಲ್ಲಿಂದಲೇ. ಕೊಂಬೆ ಅಲುಗಿದರೆ ಹುಳು ಒಳಸರಿದು ಮುಂದಿನ ಬಾಯಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಚೀಲದ ಕೊರಳು ದಾರ ಎಳೆದ ಅಡಿಕೆಚೀಲದ ಬಾಯಿಯಂತೆ ನೆರಿಗೆಗಟ್ಟುತ್ತದೆ. ಬೆಳೆಯುತ್ತ ಹಳೆಯ ಚರ್ಮ ಕಳಚುವ ಹೊತ್ತಿಗೆ ಮತ್ತು ಕೋಶವಾಗುವ ಮುನ್ನ ಬಾಯಂಚನ್ನು ರೇಷ್ಮೆಯಿಂದ ಕೊಂಬೆಗೋ ಎಲೆಗೋ ಕಟ್ಟುತ್ತದೆ. ಈ ಕಟ್ಟಿನ ರೀತಿ ಪ್ರಭೇದ ಗುರುತಿಗೆ ಬಹಳ ಬೆಲೆಯುಳ್ಳದ್ದು: ಕೆಲವು ಕೊಂಬೆಯ ಸುತ್ತ ಅಗಲವಾದ ರೇಷ್ಮೆಪಟ್ಟಿ ಸುತ್ತುತ್ತವೆ, ಕೆಲವು ಗಿಡ್ಡ ಕೊಕ್ಕೆಯಂಥ ತೊಟ್ಟು ಮಾಡುತ್ತವೆ, ಕೆಲವು ಉದ್ದನೆಯ ತೆಳುವಾದ ದಾರದಲ್ಲಿ ತೂಗಾಡುತ್ತವೆ.

ಚೀಲದ ಮುಖ್ಯ ಮಾದರಿಗಳು ಇವು. ಮೊದಲನೆಯದು ಸೌದೆಕಟ್ಟಿನದು: ಹೆಚ್ಚುಕಡಿಮೆ ಒಂದೇ ಅಳತೆಯ ಕಡ್ಡಿಗಳನ್ನು ಚೀಲದ ಉದ್ದಕ್ಕೆ ಸಮನಾಗಿ ಜೋಡಿಸಿ, ಒಂದೆರಡು ಕಡ್ಡಿಯನ್ನು ಬಾಲಕ್ಕಿಂತ ಉದ್ದ ಬಿಟ್ಟಿರುತ್ತದೆ. ಎರಡನೆಯದು ಅಡ್ಡಕಡ್ಡಿಯದು: ಕಡ್ಡಿಗಳು ಚೀಲಕ್ಕೆ ಅಡ್ಡಲಾಗಿ ಒಂದರ ಮೇಲೊಂದು ಕೂತು ಚೌಕಟ್ಟಿನ ಗೋಪುರದಂತೆ ಕಾಣುತ್ತದೆ. ಮೂರನೆಯದು ಎಲೆಚೂರಿನದು: ನಡುವೆ ಉಬ್ಬಿ ಎರಡು ತುದಿ ಕಿರಿದಾದ ಕದಿರಿನ ಆಕಾರದ ಚೀಲಕ್ಕೆ ಒಣ ಎಲೆಯ ತುಂಡುಗಳು, ನಡುನಡುವೆ ಒಂದೆರಡು ಕಡ್ಡಿ. ನಾಲ್ಕನೆಯದು ಶಂಕುವಿನ ಆಕಾರದ ಪುಟ್ಟ ಚೀಲ. ಇದರ ಮೇಲಿನ ಚೂರುಗಳು ಎಷ್ಟು ಸಣ್ಣವೆಂದರೆ ದೂರದಿಂದ ನುಣ್ಣಗೆ ತೋರುತ್ತದೆ. ಐದನೆಯದು ಮರದ ಕಾಂಡ, ಬಂಡೆ, ಕಲ್ಲುಕಟ್ಟೆಗಳ ಮೇಲಿನ ಕೊಳವೆ. ಇದರ ಮೇಲೆ ಕಲ್ಲುಹೂವಿನ ಪುಡಿ, ಪಾಚಿ, ಮಣ್ಣಿನ ಕಣ ಅಂಟಿ ಹಿನ್ನೆಲೆಯಲ್ಲಿ ಬೆರೆತುಹೋಗಿರುತ್ತದೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿ ಕಟ್ಟುವ ಪ್ರಭೇದವೂ ಯೂರೋಪಿನಲ್ಲಿದೆ.

ಜೀವನಚಕ್ರ

ತಾಯಿಯ ಚೀಲದೊಳಗೆ ಒಡೆದ ಮೊಟ್ಟೆಗಳಿಂದ ಮರಿಗಳು ಹಿಂದಿನ ತೆರಪಿನಿಂದ ಹೊರಬಂದು, ನೂಲಿನ ಎಳೆ ಇಳಿಬಿಟ್ಟು ಗಾಳಿಗೆ ತೇಲಿಹೋಗುತ್ತವೆ. ರೆಕ್ಕೆಯಿಲ್ಲದ ಹೆಣ್ಣುಗಳ ಸಂತತಿ ಒಂದು ಮರದಿಂದ ಇನ್ನೊಂದಕ್ಕೆ ಹರಡುವುದು ಮುಖ್ಯವಾಗಿ ಈ ಗಾಳಿಪಯಣದಿಂದ. ಇಳಿದಲ್ಲಿ ಎಲೆಯ ಮೇಲ್ಮೈ ಕೆರೆದು, ಆ ಪುಡಿಯಿಂದಲೇ ಮೊದಲ ಚೀಲ ಕಟ್ಟುತ್ತವೆ. ಆಗ ಚೀಲವನ್ನು ಹೊತ್ತ ಮರಿಯ ಹಿಂಭಾಗ ಎತ್ತಿ ನಿಂತು, ಎಲೆಯ ಮೇಲೆ ಚುಚ್ಚಿದ ಪುಟ್ಟ ಮುಳ್ಳಿನಂತೆ ಕಾಣುತ್ತದೆ. ದೊಡ್ಡದಾದಂತೆ ಎಲೆಯಲ್ಲಿ ತೂತು ಕೊರೆದು, ಆಮೇಲೆ ಅಂಚಿನಿಂದ ತಿನ್ನುತ್ತದೆ.

ಕೋಶವಾಗುವ ಮುನ್ನ ಹುಳು ಚೀಲದೊಳಗೆ ತಿರುಗಿ ತಲೆಯನ್ನು ಹಿಂದಿನ ತೆರಪಿನ ಕಡೆ ಮಾಡುತ್ತದೆ. ಗಂಡು ಹೊರಬರುವ ದಿನ ಕೋಶವೇ ಅರ್ಧ ಹೊರಗೆ ಜಾರುತ್ತದೆ. ಪತಂಗ ಹೋದ ಮೇಲೆ ಖಾಲಿ ಪೊರೆ ಚೀಲದ ಕೆಳತುದಿಯಲ್ಲಿ ಹಾಗೇ ಸಿಕ್ಕಿಕೊಂಡಿರುತ್ತದೆ. ದೊಡ್ಡ ಚೀಲ ಕಟ್ಟುವ ಪ್ರಭೇದಗಳಲ್ಲಿ ಹೆಣ್ಣಿನ ಪೊರೆ ಹೀಗೆ ಹೊರಬರುವುದಿಲ್ಲ. ಮರದ ಮೇಲಿನ ಹಳೆಯ ಚೀಲ ಗಂಡಿನದೋ ಹೆಣ್ಣಿನದೋ ಎಂದು ತಿಳಿಯಲು ಇದಕ್ಕಿಂತ ಸುಲಭದ ಗುರುತಿಲ್ಲ. ಹೆಣ್ಣು ಗಂಧ ಬೀರಿ ಗಂಡನ್ನು ಕರೆಯುತ್ತದೆ. ಗಂಡು ಚೀಲದ ಕೆಳತುದಿಗೆ ಜೋತು, ದೂರದರ್ಶಕದ ಕೊಳವೆಯಂತೆ ಉದ್ದವಾಗಬಲ್ಲ ತನ್ನ ಉದರವನ್ನು ಒಳಗೆ ತೂರಿಸಿ ಕೂಡುತ್ತದೆ. ಮೊಟ್ಟೆಗಳು ಹೆಣ್ಣಿನದೇ ಪೊರೆಯೊಳಗೆ ಬೀಳುತ್ತವೆ. ಗಂಡಿನ ಆಯುಸ್ಸು ಕೆಲವೇ ದಿನ. ಅದು ಏನನ್ನೂ ತಿನ್ನುವುದಿಲ್ಲ, ಹೀರುವುದಿಲ್ಲ. ಗಂಡಿಲ್ಲದೆಯೇ ಹೆಣ್ಣು ಸಂತತಿ ಮುಂದುವರಿಸುವ ಪ್ರಭೇದಗಳೂ ಈ ಕುಟುಂಬದಲ್ಲಿವೆ.

ಪ್ರೌಢ ಗಂಡಿನ ಲಕ್ಷಣಗಳು

ಸೈಕಿಡೇ ಗಂಡು ಕಂದು, ಬೂದು ಇಲ್ಲವೇ ಕಪ್ಪು ಬಣ್ಣದ, ಕೂದಲು ತುಂಬಿದ ಮೈಯ ಪತಂಗ. ದೀಪಕ್ಕೆ ಬಂದ ಪತಂಗ ಈ ಕುಟುಂಬದ್ದೇ ಎಂದು ತೀರ್ಮಾನಿಸಲು ನೋಡಬೇಕಾದವು: ಹೀರುಕೊಳವೆ ಇಲ್ಲದಿರುವುದು ಅಥವಾ ಕುರುಹಿಗಷ್ಟೇ ಇರುವುದು, ತುಟಿಯ ಪಕ್ಕದ ಸ್ಪರ್ಶಾಂಗಗಳು ಗಿಡ್ಡವಾಗಿರುವುದು, ದೊಡ್ಡ ಪ್ರಭೇದಗಳಲ್ಲಿ ಕುಡಿಮೀಸೆ ಬುಡದಿಂದ ತುದಿಯವರೆಗೆ ಎರಡೂ ಕಡೆ ಹಲ್ಲಿರುವ ಬಾಚಣಿಗೆಯಂತಿರುವುದು, ಮುಂದಿನ ರೆಕ್ಕೆಯ ಒಳ ಅಂಚಿನ ಸಿರೆಗಳು ನಡುದಾರಿಯಲ್ಲಿ ಒಂದನ್ನೊಂದು ಕೂಡಿರುವುದು, ರೆಕ್ಕೆಯ ನಡುವಿನ ಕೋಣೆಯೊಳಗೂ ಒಂದು ಸಿರೆ ಹಾದುಹೋಗಿರುವುದು. ಕೊನೆಯ ಎರಡು ಲಕ್ಷಣ ನೋಡಲು ರೆಕ್ಕೆಯ ಹುರುಪೆ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಡಬೇಕು. ಆದರೆ ಈ ಕುಟುಂಬದಲ್ಲಿ ಹಲವು ಪ್ರಭೇದಗಳ ರೆಕ್ಕೆಗಳಲ್ಲಿ ಹುರುಪೆಯೇ ವಿರಳ. ಬೆಳಕಿಗೆ ಹಿಡಿದರೆ ಸಿರೆಗಳು ಬರಿಗಣ್ಣಿಗೇ ಎದ್ದು ಕಾಣುತ್ತವೆ.

ಕುಟುಂಬ ಖಚಿತವಾದ ಮೇಲೆ ಕುಲ ಮತ್ತು ಪ್ರಭೇದದ ಹಂತ. ರೆಕ್ಕೆಯ ಹರವು, ಮುಂದಿನ ರೆಕ್ಕೆಯಲ್ಲಿ ಪಾರದರ್ಶಕ ಮಚ್ಚೆಗಳಿವೆಯೇ, ಎಷ್ಟಿವೆ, ಯಾವ ಸಿರೆಗಳ ನಡುವೆ. ಸಿರೆಗಳ ಮೇಲೆ ಕಡುಬಣ್ಣದ ಗೆರೆ ಇದೆಯೇ. ಕುಡಿಮೀಸೆಯ ಹಲ್ಲು ತುದಿಯ ಕಡೆ ಗಿಡ್ಡವಾಗುತ್ತವೆಯೇ. ಮುಂಗಾಲಿನ ಕಣಕಾಲಲ್ಲಿ ಎಲೆಯಂಥ ಮುಳ್ಳು ಎಷ್ಟು ಉದ್ದ. ಹಿಂಗಾಲಿನ ಮುಳ್ಳುಗಳು ಎಷ್ಟು ಜೊತೆ. ಹಾರಿ ಹಾರಿ ಹುರುಪೆ ಉದುರಿದ ಪತಂಗದಲ್ಲಿ ಬಣ್ಣವನ್ನು ನಂಬುವಂತಿಲ್ಲ. ತೀರ್ಪು ಕೊಡುವುದು ಕೊನೆಗೆ ಗಂಡಿನ ಜನನಾಂಗದ ಗಟ್ಟಿ ಭಾಗಗಳ ಆಕಾರ. ಉದರದ ತುದಿಯನ್ನು ಕ್ಷಾರದಲ್ಲಿ ನೆನೆಸಿ ಬಿಡಿಸಿ ನೋಡಿದ ಮೇಲೆಯೇ ಹತ್ತಿರದ ಪ್ರಭೇದಗಳು ಬೇರೆಯಾಗುವುದು.

ಹೆಣ್ಣು, ಕೋಶ ಮತ್ತು ಮರಿಹುಳು

ದೊಡ್ಡ ಪ್ರಭೇದಗಳ ಹೆಣ್ಣು ಹಳದಿ ಮಿಶ್ರಿತ ಬಿಳಿ ಬಣ್ಣದ, ಮೊಟ್ಟೆ ತುಂಬಿದ ಮೆತ್ತನೆಯ ಚೀಲ. ರೆಕ್ಕೆಯಿಲ್ಲ, ಕುಡಿಮೀಸೆ ಮತ್ತು ಕಾಲುಗಳು ಇಲ್ಲ ಅಥವಾ ಕುರುಹಿಗಷ್ಟೇ. ಕಾಂಡ, ಬಂಡೆಗಳ ಮೇಲಿನ ಕೊಳವೆಚೀಲದ ಗುಂಪಿನಲ್ಲಿ ಹೆಣ್ಣಿಗೆ ಕಾಲು, ಕುಡಿಮೀಸೆ ಇರುತ್ತವೆ. ಅದು ಹೊರಬಂದು ಚೀಲದ ಮೇಲೆ ಕೂರುತ್ತದೆ. ಕುಟುಂಬದ ಮೂಲ ಗುಂಪುಗಳಲ್ಲಿ ಎರಡೂ ಲಿಂಗಕ್ಕೆ ರೆಕ್ಕೆಯುಂಟು. ಹಾಗಾಗಿ ಹೆಣ್ಣು ಪ್ರಭೇದವನ್ನು ಹೇಳದಿದ್ದರೂ ಉಪಕುಟುಂಬದ ಕಡೆ ಬೆರಳು ತೋರಿಸುತ್ತದೆ.

ಕೋಶದಲ್ಲಿ ಗಂಡಿಗೆ ರೆಕ್ಕೆ, ಕುಡಿಮೀಸೆ, ಕಾಲುಗಳ ಅಚ್ಚು ಎದ್ದುಕಾಣುತ್ತದೆ, ಬೆನ್ನಿನ ಮೇಲೆ ಸಾಲುಮುಳ್ಳುಗಳಿರುತ್ತವೆ. ದೊಡ್ಡ ಪ್ರಭೇದಗಳ ಹೆಣ್ಣು ಕೋಶ ನುಣ್ಣನೆಯ ಕೊಳವೆ. ಮರಿಹುಳುವಿನಲ್ಲಿ ನೋಡಬೇಕಾದದ್ದು ತಲೆಯ ಮತ್ತು ಎದೆಯ ಗಟ್ಟಿಫಲಕಗಳ ಮೇಲಿನ ಪಟ್ಟೆಗಳು. ಉದರ ಸದಾ ಚೀಲದೊಳಗಿರುವುದರಿಂದ ಬಣ್ಣಗೆಟ್ಟು ಮೆದುವಾಗಿರುತ್ತದೆ. ಎದೆಯ ಫಲಕಗಳು ಮಾತ್ರ ಗಟ್ಟಿಯಾಗಿ, ಹಳದಿ–ಕಂದು ಪಟ್ಟೆಗಳಿಂದ ಕೂಡಿರುತ್ತವೆ. ಎದೆಯ ಮೊದಲ ಖಂಡದ ಉಸಿರುರಂಧ್ರ ಅಡ್ಡಡ್ಡ ಉದ್ದವಾಗಿರುವುದು ಈ ಕುಟುಂಬದ ಒಳ್ಳೆಯ ಗುರುತು.

ಹೋಲಿಸಿ ನೋಡಬೇಕಾದ ಪ್ರಭೇದಗಳು

ಈ ಮೂರು ತಾಲ್ಲೂಕುಗಳಲ್ಲಿ ಸಿಕ್ಕ ಚೀಲವನ್ನು ಮೊದಲು ಹೋಲಿಸಬೇಕಾದದ್ದು ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಿಂದ ತಿಳಿದಿರುವ ಈ ಕೆಳಗಿನ ಪ್ರಭೇದಗಳೊಂದಿಗೆ.

ಯುಮೆಟಾ ಕ್ರಾಮೆರಿ. ವೆಸ್ಟ್‌ವುಡ್ 1854ರಲ್ಲಿ ಹೆಸರಿಸಿದ್ದು. ಸೌದೆಕಟ್ಟಿನ ಚೀಲ ಇದರ ಮೊದಲ ಗುರುತು: ಕಡ್ಡಿಗಳು ಉದ್ದುದ್ದಕ್ಕೆ ಒತ್ತಾಗಿ, ರೇಷ್ಮೆ ಹೊರಗೆ ಕಾಣದಷ್ಟು ಬಿಗಿಯಾಗಿ ಕೂತಿರುತ್ತವೆ. ಚಹಾ, ಸರ್ವೆ, ಜಾಲಿ ಜಾತಿಯ ಮರಗಳು ಸೇರಿ ಹಲವು ಗಿಡಗಳಲ್ಲಿ ಬದುಕುತ್ತದೆ.

ಯುಮೆಟಾ ವೇರಿಗೇಟಾ. ಸ್ನೆಲೆನ್ 1879ರಲ್ಲಿ ಹೆಸರಿಸಿದ್ದು. ಭಾರತದಿಂದ ಜಪಾನಿನವರೆಗೆ ಹರಡಿದೆ. ಚೀಲ ಕದಿರಿನ ಆಕಾರದ್ದು, ಬೆಳೆದಾಗ 5ರಿಂದ 7 ಸೆಂಟಿಮೀಟರ್. ಹೊರಗೆ ಎಲೆಯ ದೊಡ್ಡ ತುಂಡುಗಳು ಸಡಿಲವಾಗಿ, ಕಡ್ಡಿ ಕಡಿಮೆ. ಗಂಡಿನ ರೆಕ್ಕೆಯ ಹರವು ಸುಮಾರು 35 ಮಿಲಿಮೀಟರ್ ಮೇಲ್ಪಟ್ಟು. ಕಂದು ಬಣ್ಣದ ಮುಂದಿನ ರೆಕ್ಕೆಯ ಹೊರಭಾಗದಲ್ಲಿ 4–5 ಅರೆಪಾರದರ್ಶಕ ಮಚ್ಚೆಗಳು. ಯುಮೆಟಾ ಕ್ರಾಮೆರಿಯ ಜೊತೆ ಇದನ್ನು ಬೆರೆಸಿಕೊಳ್ಳುವುದು ಎಳೆಯ ಚೀಲಗಳಲ್ಲಿ ಮಾತ್ರ. ಬೆಳೆದ ಚೀಲ, ಅದರೊಡನೆ ಗಂಡು ಸಿಕ್ಕರೆ ಸಂಶಯ ಉಳಿಯದು.

ಟೆರೋಮಾ ಪ್ಲಾಜಿಯೋಫ್ಲೆಪ್ಸ್. ಹ್ಯಾಂಪ್ಸನ್ 1892ರಲ್ಲಿ ಹೆಸರಿಸಿದ್ದು. ಶಂಕುವಿನ ಆಕಾರದ ಚೀಲ 2 ಸೆಂಟಿಮೀಟರಿಗಿಂತ ಚಿಕ್ಕದು, ಕೋಶವಾಗುವಾಗ ರೇಷ್ಮೆ ದಾರದಲ್ಲಿ ಕೊಂಬೆಯಿಂದ ತೂಗಾಡುತ್ತದೆ. ಒಂದು ಹೆಣ್ಣು 100ರಿಂದ 200 ಮೊಟ್ಟೆಯಿಡುತ್ತದೆ. ಚಿಕ್ಕದೆಂದು ಕಡೆಗಣಿಸುವಂಥದ್ದಲ್ಲ. ಕೇರಳದ ಫಾಲ್ಕಟೇರಿಯಾ ನೆಡುತೋಪುಗಳಲ್ಲಿ 1970ರ ದಶಕದಿಂದ ಇದರ ದೊಡ್ಡ ಹಾವಳಿಗಳು ದಾಖಲಾಗಿವೆ. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ಅವನ್ನು ಅಧ್ಯಯನ ಮಾಡಿದೆ. ಹುಣಿಸೆಯನ್ನೂ ತಿನ್ನುತ್ತದೆ.

ಮೆಟಿಸಾ ಪ್ಲಾನಾ. ವಾಕರ್ 1883ರಲ್ಲಿ ಹೆಸರಿಸಿದ್ದು. ತಾಳೆಎಣ್ಣೆ ತೋಟಗಳ ಹೆಸರಾಂತ ಪೀಡೆ. ಚೀಲ ಟೆರೋಮಾದಷ್ಟೇ ಚಿಕ್ಕದಾದರೂ ಮೇಲಿನ ಎಲೆಚೂರುಗಳು ಒಂದರ ಮೇಲೊಂದು ಹೊದ್ದು ಒರಟಾಗಿ ಕಾಣುತ್ತವೆ. ಕೋಶವಾಗುವಾಗ ಗಿಡ್ಡ ಕೊಕ್ಕೆಯಿಂದ ಜೋಲುತ್ತದೆ. ಅಡಿಕೆ, ತೆಂಗಿನ ಗರಿಯಲ್ಲಿ ಪುಟ್ಟ ಚೀಲ ಕಂಡರೆ ಮೊದಲು ನೋಡಬೇಕಾದದ್ದು ಚೀಲದ ಮೈಯನ್ನಲ್ಲ, ಅದು ಜೋತ ರೀತಿಯನ್ನು: ಉದ್ದ ದಾರವೋ, ಗಿಡ್ಡ ಕೊಕ್ಕೆಯೋ.

ಮನಾಥಾ ಆಲ್ಬಿಪೆಸ್ (ಮೂರ್, 1877) ಮತ್ತು ಚಾಲಿಯೋಯಿಡೆಸ್ ವಿಟ್ರಿಯಾ (ಹ್ಯಾಂಪ್ಸನ್, 1892) ಇವುಗಳ ಲ್ಯಾಟಿನ್ ಹೆಸರಿನಲ್ಲೇ ಗುರುತಿದೆ: ಮೊದಲನೆಯದರ ಅರ್ಥ ‘ಬಿಳಿಗಾಲಿನದು’, ಎರಡನೆಯದರದು ‘ಗಾಜಿನಂಥದು’.

ಚೀಲದ ಹುಳುವೆಂದು ತಪ್ಪು ತಿಳಿಯುವ ಜೀವಿಗಳು

ಮಲೆನಾಡಿನ ಮನೆಗಳಲ್ಲಿ ಜನ ಎಲ್ಲಕ್ಕಿಂತ ಹೆಚ್ಚು ನೋಡುವ ‘ಗೂಡಿನ ಹುಳು’ ಸೈಕಿಡೇ ಕುಟುಂಬದ್ದೇ ಅಲ್ಲ. ಮಳೆಗಾಲದಲ್ಲಿ ಗೋಡೆ, ಜಗಲಿಯ ಮೂಲೆ, ಬಚ್ಚಲಿನ ಬಾಗಿಲ ಹಿಂದೆ ನಿಧಾನಕ್ಕೆ ಹತ್ತುವ, ಸೌತೆಬೀಜದ ಆಕಾರದ, ಬೂದುಬಣ್ಣದ ಚಪ್ಪಟೆ ಚೀಲ ಟಿನೈಡೇ ಕುಟುಂಬದ ಫೆರಿಯೋಯೆಕಾ ಕುಲದ್ದು. ಒಂದು ಸೆಂಟಿಮೀಟರಿಗಿಂತ ತುಸು ಉದ್ದದ ಈ ಚೀಲದ ಮೇಲೆ ಮರಳು, ಸುಣ್ಣದ ಪುಡಿ, ಬಟ್ಟೆಯ ನೂಲಿನ ಎಳೆ ಅಂಟಿರುತ್ತವೆ. ಎರಡೂ ತುದಿಗೆ ಒಂದೇ ಬಗೆಯ ಸೀಳುಬಾಯಿ. ಹುಳು ಒಳಗೇ ತಿರುಗಿ ಯಾವ ತುದಿಯಿಂದ ಬೇಕಾದರೂ ತಲೆ ಹೊರಹಾಕುತ್ತದೆ. ತಿನ್ನುವುದು ಎಲೆಯನ್ನಲ್ಲ, ಜೇಡರಬಲೆ, ಕೂದಲು, ಉಣ್ಣೆ, ಸತ್ತ ಕೀಟ. ಇದರ ಹೆಣ್ಣಿಗೂ ರೆಕ್ಕೆಯಿದೆ. ಚಪ್ಪಟೆ ಮೈ, ಎರಡೂ ಕಡೆ ಬಾಯಿ, ಮನೆಯೊಳಗಿನ ನೆಲೆ ಈ ಮೂರು ಕೂಡಿದರೆ ಅದನ್ನು ಸೈಕಿಡೇ ಪಟ್ಟಿಯಿಂದ ಹೊರಗಿಡಬೇಕು.

ಹಳ್ಳಕೊಳ್ಳಗಳ ನೀರಿನೊಳಗೆ ಮರಳು, ಕಡ್ಡಿಗಳ ಕೊಳವೆ ಹೊತ್ತು ತೆವಳುವವು ಟ್ರೈಕಾಪ್ಟೆರಾ ಗಣದ ಮರಿಹುಳುಗಳು. ಎಲೆಯ ಮೇಲೆ ಹಿಕ್ಕೆಯಿಂದಲೇ ಗಡಿಗೆಯಾಕಾರದ ಗಟ್ಟಿ ಚಿಪ್ಪು ಕಟ್ಟಿ ಹೊರುವ ಕೆಲವು ಎಲೆಜೀರುಂಡೆಗಳ ಮರಿಗಳೂ ಇವೆ. ಅವುಗಳ ಚಿಪ್ಪಿನಲ್ಲಿ ರೇಷ್ಮೆ ಇರುವುದಿಲ್ಲ, ಹಿಂದಿನ ತೆರಪೂ ಇರುವುದಿಲ್ಲ. ಬಲೆಯ ನಡುವೆ ಕಸದ ಸಾಲು ಕಟ್ಟಿ ಅದರಲ್ಲಿ ಕೂರುವ ಜೇಡವನ್ನು ಎಂಟು ಕಾಲು ನೋಡಿಯೇ ಬೇರೆ ಮಾಡಬಹುದು.

ಮಾದರಿ ಸಂಗ್ರಹ ಮತ್ತು ಸಾಕಣೆ

ಪ್ರಭೇದ ಗುರುತಿಸುವ ಭದ್ರವಾದ ದಾರಿ ಚೀಲವನ್ನು ತಂದು ಗಂಡು ಹೊರಬರುವವರೆಗೆ ಸಾಕುವುದು. ಚೀಲವನ್ನು ಎಳೆದು ಕೀಳದೆ ಕೊಂಬೆಯ ತುಂಡಿನೊಡನೆ ಕತ್ತರಿಸಬೇಕು, ಏಕೆಂದರೆ ಕಟ್ಟಿನ ರೀತಿಯೂ ಲಕ್ಷಣವೇ. ಗಾಳಿಯಾಡುವ ಬಲೆಬಟ್ಟೆ ಕಟ್ಟಿದ ಬಾಟಲಿಯಲ್ಲಿ ಅದೇ ಗಿಡದ ಹೊಸ ಎಲೆ ಹಾಕಿ, ಹಿಕ್ಕೆ ದಿನವೂ ತೆಗೆಯಬೇಕು. ಮಲೆನಾಡಿನ ಮಳೆಗಾಲದಲ್ಲಿ ಸಾಕಿದ ಹುಳು ಹಸಿವಿಗಿಂತ ಬೂಸ್ಟಿಗೇ ಹೆಚ್ಚು ಬಲಿಯಾಗುತ್ತದೆ. ಎಲೆಯ ನೀರು ಒರೆಸದೆ ಹಾಕಬಾರದು.

ಗಂಡು ಬಂದ ದಿನವೇ ಅದನ್ನು ಸೂಜಿಗೇರಿಸಬೇಕು. ಒಂದು ರಾತ್ರಿ ಬಿಟ್ಟರೆ ಬಾಟಲಿಯ ಗೋಡೆಗೆ ಬಡಿದು ರೆಕ್ಕೆಯ ಹುರುಪೆ, ಮೀಸೆಯ ಹಲ್ಲು ಎರಡೂ ಉದುರುತ್ತವೆ. ಚೀಲ, ಪೊರೆ, ಪತಂಗ ಮೂರಕ್ಕೂ ಒಂದೇ ಸಂಖ್ಯೆ ಕೊಟ್ಟು ಒಂದೇ ಪೆಟ್ಟಿಗೆಯಲ್ಲಿಡಬೇಕು. ಚೀಟಿಯಲ್ಲಿ ಊರು, ತಾಲ್ಲೂಕು, ಎತ್ತರ, ಗಿಡದ ಹೆಸರು, ಚೀಲ ತಂದ ತಾರೀಖು, ಪತಂಗ ಬಂದ ತಾರೀಖು ಇರಬೇಕು. ಚೀಲದಲ್ಲಿ ಹೊಸದಾಗಿ ಪ್ರೌಢವಾದ ಹೆಣ್ಣು ಸಿಕ್ಕಿದರೆ ಅದನ್ನು ಬಲೆಯ ಪಂಜರದಲ್ಲಿಟ್ಟು ತೋಟದಂಚಿನಲ್ಲಿ ತೂಗಿಬಿಟ್ಟರೆ ಅದೇ ಪ್ರಭೇದದ ಗಂಡುಗಳು ಗಂಧ ಹಿಡಿದು ಬರುತ್ತವೆ. ಬೆಳಕಿನ ಬಲೆಯೊಂದನ್ನೇ ನೆಚ್ಚಿದರೆ ಹಗಲಿನಲ್ಲೂ ಮುಂಜಾವದಲ್ಲೂ ಹಾರುವ ಪ್ರಭೇದಗಳು ತಪ್ಪಿಹೋಗುತ್ತವೆ. ಚೀಲದೊಳಗಿನ ಹೆಣ್ಣಂತೂ ಬೆಳಕಿಗೆ ಬರುವುದೇ ಇಲ್ಲ.

ಚೀಲ ಹುಡುಕಲು ಒಳ್ಳೆಯ ಕಾಲ ಎಲೆಯುದುರಿದ ಚಳಿಗಾಲದ ಕೊನೆ. ಆಗ ಸೊಪ್ಪಿನ ಬೆಟ್ಟದ ಬೋಳು ಕೊಂಬೆಗಳಲ್ಲಿ ಹಳೆಯ ಚೀಲಗಳು ದೂರದಿಂದಲೇ ಕಾಣುತ್ತವೆ. ಖಾಲಿ ಚೀಲದ ಪಕ್ಕದಲ್ಲಿ ದುಂಡನೆಯ ಸಣ್ಣ ತೂತಿದ್ದರೆ ಅದರಿಂದ ಹೊರಬಂದದ್ದು ಪತಂಗವಲ್ಲ, ಪರಾವಲಂಬಿ ಕಣಜ.

ಬೆಳೆಹಾನಿ, ಶತ್ರುಗಳು, ಹತೋಟಿ

ಒಂಟೊಂಟಿ ಚೀಲಗಳಿಂದ ಗಿಡಕ್ಕೆ ಗಣನೀಯ ಹಾನಿಯಿಲ್ಲ. ಒಂದೇ ಜಾತಿಯ ಮರಗಳ ನೆಡುತೋಪಿನಲ್ಲಿ ಹೆಣ್ಣುಗಳು ಹುಟ್ಟಿದ ಮರದಲ್ಲೇ ಮೊಟ್ಟೆಯಿಡುವುದರಿಂದ ಸಂಖ್ಯೆ ಒಂದೇ ಕಡೆ ಏರುತ್ತ ಹೋಗಿ ಹಾವಳಿಯಾಗುತ್ತದೆ. ಇಕ್‌ನ್ಯೂಮೊನಿಡ್ ಕಣಜಗಳು, ಬ್ರಾಕಿಮೇರಿಯಾ ಕುಲದ ಕಣಜಗಳು ಮತ್ತು ಟ್ಯಾಕಿನಿಡ್ ನೊಣಗಳು ಚೀಲದೊಳಗಿನ ಹುಳುವನ್ನು ತಿಂದು ಬೆಳೆಯುತ್ತವೆ. ಹಕ್ಕಿಗಳೂ ಚೀಲ ಸೀಳಿ ತಿನ್ನುತ್ತವೆ.

ಮನೆಯಂಗಳ, ಸಣ್ಣ ತೋಟಗಳಲ್ಲಿ ಚೀಲಗಳನ್ನು ಕತ್ತರಿಸಿ ಸೋಪಿನ ನೀರಿಗೆ ಹಾಕುವುದೇ ಸಾಕು. ಕೊಂಬೆಗೆ ಬಿಗಿದ ರೇಷ್ಮೆಪಟ್ಟಿಯನ್ನೂ ಸೀಳಿ ತೆಗೆಯಬೇಕು, ಇಲ್ಲದಿದ್ದರೆ ಕೊಂಬೆ ದಪ್ಪಗಾದಂತೆ ಅದು ಕತ್ತು ಹಿಸುಕುತ್ತದೆ. ದೊಡ್ಡ ಹುಳುವಿಗೆ ಚೀಲವೇ ಗುರಾಣಿ. ಔಷಧಿ ಸಿಂಪಡಿಸಿದರೂ ಬಾಯಿ ಮುಚ್ಚಿ ಕೂರುತ್ತದೆ. ಬ್ಯಾಸಿಲಸ್ ತುರಿಂಜೆನ್ಸಿಸ್ ಬ್ಯಾಕ್ಟೀರಿಯಾದ ಸಿಂಪಡಣೆ ಎಳೆಯ ಹುಳುಗಳ ಮೇಲೆ ಮಾತ್ರ ಫಲಕಾರಿ. ಕಿತ್ತ ಚೀಲಗಳನ್ನು ಸುಡುವ ಬದಲು ಕೆಲವು ದಿನ ಬಲೆಯ ಪಂಜರದಲ್ಲಿಟ್ಟರೆ ಕಣಜಗಳು ಹೊರಬಂದು ತೋಟಕ್ಕೆ ಮರಳುತ್ತವೆ. ಬಲೆಯ ಕಣ್ಣು ಕಣಜ ನುಸುಳುವಷ್ಟಿದ್ದು ಹುಳು ಹೊರಬರದಂತಿರಬೇಕು.

ರೇಷ್ಮೆ

ಯುಮೆಟಾ ವೇರಿಗೇಟಾದ ರೇಷ್ಮೆ ಹಿಪ್ಪುನೇರಳೆ ರೇಷ್ಮೆಗಿಂತಲೂ ಜೇಡರ ನೂಲಿಗಿಂತಲೂ ಬಲವಾದದ್ದೆಂದು ಜಪಾನಿನ ರಾಷ್ಟ್ರೀಯ ಕೃಷಿ ಮತ್ತು ಆಹಾರ ಸಂಶೋಧನಾ ಸಂಸ್ಥೆ ಹಾಗೂ ಕೊವಾ ಕಂಪನಿ 2018ರಲ್ಲಿ ಪ್ರಕಟಿಸಿದವು. ಅದರ ಬಿಗಿತ ಮತ್ತು ತಾಳಿಕೆಯ ವಿವರಗಳು 2019ರಲ್ಲಿ ಪ್ರಬಂಧವಾಗಿ ಬಂದವು. ಚೀಲ ಬಿಚ್ಚಿ ನೂಲು ತೆಗೆಯುವುದು ಸಾಧ್ಯವಿಲ್ಲದ್ದರಿಂದ, ನಡೆಯುವಾಗ ಹುಳು ಕಾಲೂರಲು ಬಿಡುವ ಎಳೆಯನ್ನೇ ಉದ್ದಕ್ಕೆ ಪಡೆಯುವ ವಿಧಾನವನ್ನು ಅಲ್ಲಿ ರೂಪಿಸಲಾಗಿದೆ.

ಈಗಿನ ಸ್ಥಿತಿ

ಇಂದು ಪ್ರಭೇದ ಗುರುತಿಗೆ ಮೂರು ದಾರಿಗಳಿವೆ: ಹ್ಯಾಂಪ್ಸನ್ನನ ಕಾಲದಿಂದ ಬಂದ ರೆಕ್ಕೆ–ಸಿರೆಗಳ ಪರೀಕ್ಷೆ, ಜನನಾಂಗದ ಪರೀಕ್ಷೆ, ಮತ್ತು ಡಿಎನ್ಎಯ ಒಂದು ಗೊತ್ತಾದ ತುಣುಕನ್ನು ಓದಿ ಹೋಲಿಸುವ ಕ್ರಮ. ಮೂರನೆಯದರ ದೊಡ್ಡ ಅನುಕೂಲವೆಂದರೆ ಹೆಣ್ಣು, ಮರಿ, ಚೀಲದಲ್ಲುಳಿದ ಪೊರೆ ಇವುಗಳನ್ನು ಗಂಡಿನೊಡನೆ ತಾಳೆ ಹಾಕಬಹುದು. ಆದರೆ ಹೋಲಿಸಲು ಹೆಸರು ಖಚಿತವಾದ ಗಂಡಿನ ಮಾದರಿ ಮೊದಲೇ ಇರಬೇಕು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಲ್ಲಿ ಕೀಟಗಳ ಸಂಗ್ರಹವಿದೆ. ವಿಚಾರಿಸಲು ಹತ್ತಿರದಲ್ಲೇ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ, ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಛಾಯಾಚಿತ್ರಗಳನ್ನು ಸಾರ್ವಜನಿಕ ಜಾಲತಾಣಗಳಿಗೆ ಏರಿಸುವವರೂ ಹೆಚ್ಚುತ್ತಿದ್ದಾರೆ. ಆ ಚಿತ್ರಗಳಲ್ಲಿ ಕಾಣುವುದು ಚೀಲ ಮಾತ್ರವಾದರೆ ಹೆಸರನ್ನು ಕುಟುಂಬದ ಇಲ್ಲವೇ ಕುಲದ ಮಟ್ಟದಲ್ಲೇ ನಿಲ್ಲಿಸುವುದು ಸರಿ.

ತೋಟದಲ್ಲೋ ಬ್ಯಾಣದಲ್ಲೋ ಚೀಲ ಕಂಡವರು ಚಿತ್ರದ ಜೊತೆಗೆ ಬಾಯಿಯ ಕಟ್ಟು, ಕೆಳತುದಿ, ಗಿಡದ ಎಲೆ ಇವುಗಳ ಚಿತ್ರವನ್ನೂ ತೆಗೆಯಬೇಕು. ಸಾಧ್ಯವಾದರೆ ಒಂದೆರಡು ಚೀಲ ಮನೆಗೆ ತಂದು ಗಂಡು ಹೊರಬರುವವರೆಗೆ ಕಾಯಬೇಕು.